ಓದಲು ಹೋದ ದೇಶದಲ್ಲಿ ಮರದ ಕುರ್ಚಿ: ಬಿಚ್ಚಿ ಒಯ್ಯಬಹುದಾದ ಕುರ್ಚಿಯನ್ನು ಕೈಯಾರೆ ಮಾಡುವ ಬಗೆ

ವಿದೇಶದಲ್ಲಿ ಓದುವ ವಿದ್ಯಾರ್ಥಿಗೆ ಮರಗೆಲಸ ಕಲಿಯಲು ಸಿಗುವಷ್ಟು ಅನುಕೂಲ ಮುಂದೆ ಕೆಲಸಕ್ಕೆ ಸೇರಿದ ಮೇಲೆ ಸಿಗುವುದು ಕಷ್ಟ. ವಿನ್ಯಾಸ, ವಾಸ್ತುಶಿಲ್ಪ ಅಥವಾ ಎಂಜಿನಿಯರಿಂಗ್ ವಿಭಾಗವಿರುವ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಮರಗೆಲಸದ ಕಾರ್ಯಾಗಾರವೊಂದು ಇರುತ್ತದೆ. ದೊಡ್ಡ ಯಂತ್ರಗಳಿರುತ್ತವೆ, ಅವನ್ನು ಬಲ್ಲ ತಂತ್ರಜ್ಞರೊಬ್ಬರು ಇರುತ್ತಾರೆ. ಕೇಳುವವರು ಮಾತ್ರ ಕಡಿಮೆ. ಆದರೆ ಕಾರ್ಯಾಗಾರ ಸಿಗುವುದು ವಾರಕ್ಕೆ ಕೆಲವೇ ಗಂಟೆ, ಇರುವ ಕೋಣೆ ಚಿಕ್ಕದು, ವರ್ಷಕ್ಕೊಮ್ಮೆ ಮನೆ ಬದಲಾಯಿಸಬೇಕು, ಕೊನೆಗೆ ಆ ದೇಶವನ್ನೇ ಬಿಟ್ಟು ಹೊರಡಬೇಕು. ಹೀಗಿರುವಾಗ ಇಡೀ ಕುರ್ಚಿಯನ್ನು ಅಂಟು ಹಾಕಿ ಕಟ್ಟಿದರೆ, ಅದು ಒಂದು ದಿನ ಬೀದಿ ಬದಿಯಲ್ಲಿ ಉಳಿಯುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಕುರ್ಚಿ ಬಿಚ್ಚಬಹುದಾದದ್ದು. ಎರಡು ಪಕ್ಕದ ಚೌಕಟ್ಟುಗಳಿಗೆ ಮಾತ್ರ ಅಂಟು, ಉಳಿದದ್ದಕ್ಕೆಲ್ಲ ಬೋಲ್ಟು.

ಇದು ಹೊಸ ಯೋಚನೆಯೇನಲ್ಲ. ಪೀಠೋಪಕರಣ ತಯಾರಕ ಮೈಕೆಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ಸಂಖ್ಯೆಯ ಕುರ್ಚಿಯಲ್ಲಿ ಆವಿಯಲ್ಲಿ ಬಗ್ಗಿಸಿದ ಬೀಚ್ ಮರದ ಆರು ಭಾಗಗಳು, ಹತ್ತು ಸ್ಕ್ರೂ, ಎರಡು ನಟ್ಟು ಇದ್ದವು. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಆ ಕುರ್ಚಿ ಜಗತ್ತಿನ ಮೂಲೆ ಮೂಲೆಗೆ ಹೋದದ್ದಕ್ಕೆ ಅದರ ಅಂದ ಎಷ್ಟು ಕಾರಣವೋ ಬಿಚ್ಚಿ ಜೋಡಿಸುವ ಈ ಗುಣವೂ ಅಷ್ಟೇ ಕಾರಣ.

ಮೊದಲು ಜಾಗ, ಆಮೇಲೆ ಮರ

ನಿಮ್ಮ ವಿಭಾಗಕ್ಕೆ ಸಂಬಂಧವಿಲ್ಲದಿದ್ದರೂ ಕಾರ್ಯಾಗಾರದ ತಂತ್ರಜ್ಞರನ್ನು ನೇರವಾಗಿ ಹೋಗಿ ಕಾಣಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಕಾಗದದ ಮೇಲೆ ಬರೆದ ಕುರ್ಚಿಯ ಚಿತ್ರ, ಭಾಗಗಳ ಅಳತೆಯ ಪಟ್ಟಿ ಕೈಯಲ್ಲಿರಲಿ. 'ಮರಗೆಲಸ ಕಲಿಯಬೇಕು' ಎಂದು ಕೇಳುವುದಕ್ಕಿಂತ 'ಈ ಎಂಟು ತುಂಡುಗಳನ್ನು ಇಷ್ಟು ದಪ್ಪಕ್ಕೆ ತರಬೇಕು' ಎಂದು ಕೇಳಿದರೆ ಅವರಿಗೂ ಸಹಾಯ ಮಾಡುವುದು ಸುಲಭ. ಯಂತ್ರ ಮುಟ್ಟುವ ಮೊದಲು ಸುರಕ್ಷತಾ ತರಬೇತಿ ಕಡ್ಡಾಯವಾಗಿರುತ್ತದೆ. ಸೆಮಿಸ್ಟರಿನ ಮೊದಲ ವಾರಗಳಲ್ಲೇ ಅದನ್ನು ಮುಗಿಸಿಕೊಳ್ಳಿ. ಪರೀಕ್ಷೆ, ಪ್ರಾಜೆಕ್ಟುಗಳ ಕಾಲದಲ್ಲಿ ಕಾರ್ಯಾಗಾರ ತುಂಬಿ ತುಳುಕುತ್ತದೆ.

ವಿಶ್ವವಿದ್ಯಾಲಯದಲ್ಲಿ ದಾರಿ ಸಿಗದಿದ್ದರೆ ಊರಿನಲ್ಲಿ ಹುಡುಕಿ. ಜರ್ಮನಿಯ ಊರುಗಳಲ್ಲಿ ಫೋಕ್ಸ್‌ಹೋಕ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರಗಳಿವೆ. ಅವುಗಳ ಸಂಜೆ ತರಗತಿಗಳಲ್ಲಿ ಮರಗೆಲಸವೂ ಇರುವುದುಂಟು. 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಮೆನ್ಸ್ ಶೆಡ್‌ಗಳು, ಅಂದರೆ ಗಂಡಸರು ಕೂಡಿ ಕೈಕೆಲಸ ಮಾಡುವ ಸಮುದಾಯ ಕಾರ್ಯಾಗಾರಗಳು, ಈಗ ಬ್ರಿಟನ್, ಐರ್ಲೆಂಡುಗಳಲ್ಲೂ ಇವೆ. ನಿವೃತ್ತ ಬಡಗಿಗಳು ಅಲ್ಲಿ ಸಿಗುತ್ತಾರೆ, ಕಲಿಸಲು ಅವರಿಗೆ ಪುರುಸೊತ್ತೂ ಇರುತ್ತದೆ. ಅಮೆರಿಕದ ಊರುಗಳಲ್ಲಿ ಮಾಸಿಕ ಶುಲ್ಕದ ಮೇಕರ್‌ಸ್ಪೇಸ್‌ಗಳಿವೆ, ಹಲವರು ಹಂಚಿಕೊಂಡು ಬಳಸುವ ಕಾರ್ಯಾಗಾರಗಳು. ಉತ್ತರ ಯುರೋಪಿನ ಮಾತೇ ಬೇರೆ: ಫಿನ್ಲೆಂಡ್ 1866ರಷ್ಟು ಹಿಂದೆಯೇ ಕೈಕೆಲಸವನ್ನು ಶಾಲೆಯ ಕಡ್ಡಾಯ ಪಾಠವಾಗಿಸಿತು. ಅಲ್ಲಿ ಉಳಿ ಹಿಡಿಯಬಲ್ಲ ಪ್ರಾಧ್ಯಾಪಕರು ಸಿಕ್ಕರೆ ಅಚ್ಚರಿಪಡಬೇಕಿಲ್ಲ.

ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಕೊಯ್ಯುವುದು, ಉಜ್ಜುವುದು ಬೇಡ. ದೂಳಿಗೆ ಹೊಗೆಯ ಎಚ್ಚರಿಕೆ ಗಂಟೆ ಬಾರಿಸಬಹುದು; ಅಕ್ಕಪಕ್ಕದವರಿಗೆ ತೊಂದರೆಯಾಗುವುದಂತೂ ಖಂಡಿತ. ಚಿತ್ರ ಬರೆಯುವುದು, ಗುರುತು ಹಾಕುವುದು, ಉಳಿ ಮಸೆಯುವುದು, ಈ ಮೂರಕ್ಕೆ ಕೋಣೆ ಸಾಕು.

ನಿಮ್ಮ ಮೈಯ ಅಳತೆ

ಅಂಗಡಿಯ ಕುರ್ಚಿಗಳ ಆಸನ ಸಾಮಾನ್ಯವಾಗಿ 450 ಮಿ.ಮೀ. ಎತ್ತರದಲ್ಲಿರುತ್ತದೆ. ಗಿಡ್ಡನೆಯವರಿಗೆ ಅದು ಎತ್ತರ: ತೊಡೆಯ ಅಡಿಭಾಗ ಒತ್ತುತ್ತದೆ, ಓದಲು ಕುಳಿತ ಒಂದು ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಕೈಯಾರೆ ಮಾಡಿದ ಕುರ್ಚಿಯ ದೊಡ್ಡ ಲಾಭವೇ ಇದು, ನಿಮ್ಮ ಕಾಲಿಗೆ ತಕ್ಕ ಕುರ್ಚಿ. ಸಾಮಾನ್ಯವಾಗಿ ಹಾಕುವ ಶೂ ಹಾಕಿಕೊಂಡು, ಪಾದ ನೆಲಕ್ಕೂರಿ, ಮಂಡಿ ನೇರ ಕೋನದಲ್ಲಿರುವಂತೆ ಕುಳಿತುಕೊಳ್ಳಿ. ನೆಲದಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗೆ ಗೆಳೆಯರೊಬ್ಬರು ಅಳೆಯಲಿ. ಅದರಲ್ಲಿ 20 ಮಿ.ಮೀ. ಕಳೆದರೆ ಆಸನದ ಮುಂದಿನ ಅಂಚಿನ ಎತ್ತರ ಸಿಗುತ್ತದೆ. ಬೆನ್ನಿನಿಂದ ಮಂಡಿಯ ಹಿಂಬದಿಯವರೆಗಿನ ಅಳತೆಯಲ್ಲಿ 50 ಮಿ.ಮೀ. ಕಳೆದರೆ ಆಸನದ ಆಳ. ಬಹಳ ಮಂದಿಗೆ ಇದು 400 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ.

ಇಲ್ಲಿ ಕೊಟ್ಟ ಅಳತೆಗಳು 450 ಮಿ.ಮೀ. ಎತ್ತರದ ಆಸನಕ್ಕೆ. ನಿಮ್ಮದು ಕಡಿಮೆಯಾದರೆ ಕಾಲುಗಳ ಕೆಳಭಾಗವನ್ನು ಮಾತ್ರ ಅಷ್ಟು ಕಡಿಮೆ ಮಾಡಿ, ಬೇರೇನೂ ಬದಲಾಗುವುದಿಲ್ಲ.

ಮುಂಗಾಲು: ಎರಡು, 430 × 40 × 35 ಮಿ.ಮೀ.
ಹಿಂಗಾಲು: ಎರಡು, 820 ಉದ್ದ, 40 × 35, ಇವನ್ನು 35 ದಪ್ಪ, 160 ಅಗಲದ ಒಂದು ಹಲಗೆಯಿಂದ ಕೊಯ್ಯಬೇಕು
ಪಕ್ಕದ ಪಟ್ಟಿ: ಎರಡು, 410 × 80 × 22 (ಕಾಲಿನ ಗುಳಿಯೊಳಗೆ ಕೂರುವ, ಎರಡೂ ತುದಿಯ 30 ಮಿ.ಮೀ. ನಾಲಿಗೆ ಸೇರಿ)
ಮುಂದಿನ ಮತ್ತು ಹಿಂದಿನ ಅಡ್ಡಪಟ್ಟಿ: ಎರಡು, 380 × 80 × 22
ಬೆನ್ನಿನ ಪಟ್ಟಿ: ಎರಡು, 380 × 70 × 22
ಆಸನದ ಪಟ್ಟಿ: ಐದು, 450 × 76 × 20
ಆಸನವನ್ನು ಹೊರುವ ರೀಪು: ಎರಡು, 350 × 20 × 20
ಎಂ6 (6 ಮಿ.ಮೀ. ವ್ಯಾಸದ) ಬೋಲ್ಟು, 80 ಮಿ.ಮೀ. ಉದ್ದದವು ಎಂಟು, ವಾಷರ್ ಸಹಿತ. ಅವುಗಳಿಗೆ 10 ಮಿ.ಮೀ. ವ್ಯಾಸದ ಉರುಳೆ ನಟ್ಟು (ಬ್ಯಾರೆಲ್ ನಟ್, ಅಡ್ಡಲಾಗಿ ತೂತಿರುವ ಲೋಹದ ಉರುಳೆ) ಎಂಟು, 8 ಮಿ.ಮೀ. ವ್ಯಾಸದ ಮರದ ಗೂಟ ಹದಿನಾರು; 4 × 35 ಅಳತೆಯ ಸ್ಕ್ರೂ ಇಪ್ಪತ್ತು

ಮರಕ್ಕೆ ಕೈ ಹಾಕುವ ಮೊದಲು ಕುರ್ಚಿಯ ಪಕ್ಕದ ನೋಟವನ್ನು ದೊಡ್ಡ ರಟ್ಟಿನ ಮೇಲೆ ಪೂರ್ಣ ಗಾತ್ರದಲ್ಲಿ ಬರೆಯಿರಿ. ಹಿಂಗಾಲು ಒಂದೇ ನೇರ ಕೋಲಲ್ಲ. ಆಸನದ ಮಟ್ಟದಲ್ಲಿ ಸುಮಾರು 100 ಮಿ.ಮೀ. ಭಾಗ ನೇರವಾಗಿದೆ, ಅಲ್ಲಿಂದ ಮೇಲಕ್ಕೆ 10 ಡಿಗ್ರಿ ಹಿಂದಕ್ಕೆ ಬಾಗುತ್ತದೆ, ಅಂದರೆ 370 ಮಿ.ಮೀ. ಎತ್ತರದಲ್ಲಿ 65 ಮಿ.ಮೀ. ಹಿಂದೆ. ಕೆಳಕ್ಕೂ ಪಾದ 40 ಮಿ.ಮೀ. ಹಿಂದಕ್ಕೆ ಚಾಚುತ್ತದೆ. ಮೇಲಿನ ಬಾಗು ಬೆನ್ನಿನ ಸುಖಕ್ಕೆ, ಕೆಳಗಿನ ಚಾಚು ಹಿಂದಕ್ಕೆ ಒರಗಿದಾಗ ಕುರ್ಚಿ ಮಗುಚದಿರಲಿಕ್ಕೆ. ರಟ್ಟಿನ ಚಿತ್ರವನ್ನು ಗೋಡೆಗೆ ಒರಗಿಸಿ ದೂರದಿಂದ ನೋಡಿ. ಕಣ್ಣಿಗೆ ಒಪ್ಪದ ಗೆರೆಯನ್ನು ಈಗ ತಿದ್ದಲು ಪೆನ್ಸಿಲ್ ಸಾಕು.

ಮರವನ್ನು ಆರಿಸುವುದು

ಯುರೋಪಿನಲ್ಲಿ ಬೀಚ್, ಆಶ್, ಓಕ್; ಉತ್ತರ ಅಮೆರಿಕದಲ್ಲಿ ಮೇಪಲ್, ಆಶ್, ಓಕ್ ಸುಲಭವಾಗಿ ಸಿಗುತ್ತವೆ. ಮೊದಲ ಕುರ್ಚಿಗೆ ನಾನು ಹೇಳುವುದು ಆಶ್. ಎಳೆ ನೇರ, ಬಾಗಿದರೂ ಬೇಗ ಮುರಿಯುವುದಿಲ್ಲ, ಕೈ ಉಪಕರಣಗಳಿಗೆ ಒಗ್ಗುತ್ತದೆ. ಕೊಡಲಿ ಹಿಡಿಗೂ ಬೇಸ್‌ಬಾಲ್ ದಾಂಡಿಗೂ ಅದನ್ನೇ ಬಳಸುತ್ತ ಬಂದಿರುವುದು ಈ ಗುಣಗಳಿಗಾಗಿ. ಕಟ್ಟಡಕ್ಕೆ ಬಳಸುವ ಪೈನ್ ಅಗ್ಗ, ಆದರೆ ಮೆದು. ಇಷ್ಟು ಸಣ್ಣ ಕಾಲುಗಳಿಗೂ ಇಷ್ಟು ತೆಳುವಾದ ನಾಲಿಗೆಗೂ ಅದು ಸಾಲದು. ಅಭ್ಯಾಸಕ್ಕೆ ಮಾತ್ರ ಇರಲಿ.

ಅಳತೆಯ ಪದ್ಧತಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಯುರೋಪಿನಲ್ಲಿ ಮಿ.ಮೀ. ಲೆಕ್ಕ. ಅಮೆರಿಕದಲ್ಲಿ ಗಟ್ಟಿ ಮರದ ದಪ್ಪವನ್ನು ಕಾಲಂಗುಲಗಳಲ್ಲಿ ಹೇಳುತ್ತಾರೆ: 'ನಾಲ್ಕು ಕಾಲು' ಎಂದರೆ ಒಂದಂಗುಲ, 'ಎಂಟು ಕಾಲು' ಎಂದರೆ ಎರಡಂಗುಲ. ಅದು ಒರಟು ಹಲಗೆಯ ದಪ್ಪ, ಕೀಸಿದ ಮೇಲೆ ಕಡಿಮೆಯಾಗುತ್ತದೆ. ಕಟ್ಟಡದ ಮರದಲ್ಲಿ 'ಎರಡು ನಾಲ್ಕು' ಎಂದು ಕರೆಯುವ ತುಂಡು ನಿಜವಾಗಿ 38 × 89 ಮಿ.ಮೀ. ಮಾತ್ರ. ಈ ಕುರ್ಚಿಯ ಕಾಲುಗಳಿಗೆ 'ಎಂಟು ಕಾಲು' ದಪ್ಪದ ಹಲಗೆ, ಪಟ್ಟಿಗಳಿಗೆ 'ಐದು ಕಾಲು' ದಪ್ಪದ್ದು ಕೊಂಡರೆ ಸರಿಹೋಗುತ್ತದೆ.

ಹಲಗೆಯ ತುದಿಯನ್ನೂ ಮೈಯನ್ನೂ ನೋಡಿ. ಸೀಳು, ಗಂಟು, ಹುಳು ಕೊರೆದ ತೂತು ಇದ್ದರೆ ಬಿಟ್ಟುಬಿಡಿ. ಕಾಲಿಗೆ ಆರಿಸುವ ತುಂಡಿನಲ್ಲಿ ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಓಡಬೇಕು; ಪಕ್ಕಕ್ಕೆ ಓಡಿಹೋಗುವ ಎಳೆಯ ಕಾಲು ಒಂದು ದಿನ ಅಲ್ಲೇ ಸೀಳುತ್ತದೆ. ಗೂಡಿನಲ್ಲಿ ಒಣಗಿಸಿದ ಮರವನ್ನೇ ಕೇಳಿ, ತೇವಾಂಶ ಶೇ 8ರಿಂದ 12ರೊಳಗಿರಲಿ. ಚಳಿ ದೇಶಗಳಲ್ಲಿ ಇದು ಇನ್ನೂ ಮುಖ್ಯ. ಚಳಿಗಾಲದಲ್ಲಿ ಕೋಣೆ ಬಿಸಿಮಾಡುವ ವ್ಯವಸ್ಥೆ ಗಾಳಿಯನ್ನು ಒಣಗಿಸಿಬಿಡುತ್ತದೆ, ಮರ ಕುಗ್ಗುತ್ತದೆ. ಬೇಸಿಗೆಯಲ್ಲಿ ಮತ್ತೆ ಹಿಗ್ಗುತ್ತದೆ. ಈ ಹಿಗ್ಗು ಕುಗ್ಗು ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಹೆಚ್ಚು; ಅದರಲ್ಲೂ ವಾರ್ಷಿಕ ಉಂಗುರಗಳ ಗುಂಟ ಆಗುವ ಬದಲಾವಣೆ ಅವುಗಳಿಗೆ ಅಡ್ಡಲಾಗಿ ಆಗುವುದರ ಸುಮಾರು ಎರಡರಷ್ಟು. ಆಸನವನ್ನು ಒಂದೇ ಅಗಲ ಹಲಗೆಯ ಬದಲು ಐದು ಪಟ್ಟಿಗಳಾಗಿ ಮಾಡಿರುವುದು ಇದಕ್ಕಾಗಿಯೇ. ಕೊಂಡ ಮರವನ್ನು ಕಾರ್ಯಾಗಾರದಲ್ಲಿ ರೀಪುಗಳ ಮೇಲೆ, ಎಲ್ಲ ಕಡೆ ಗಾಳಿ ಆಡುವಂತೆ, ಒಂದೆರಡು ವಾರ ಇಡಿ.

ಉಪಕರಣ, ಮಸೆಯುವುದು

ಊರಿನಿಂದ ವಿದ್ಯುತ್ ಉಪಕರಣ ಒಯ್ಯಬೇಡಿ. ಯುರೋಪ್, ಆಸ್ಟ್ರೇಲಿಯಾಗಳಲ್ಲಿ 230 ವೋಲ್ಟ್ ಇದ್ದರೆ ಉತ್ತರ ಅಮೆರಿಕದಲ್ಲಿ 120, ಜಪಾನಿನಲ್ಲಿ 100. ಕಾರ್ಯಾಗಾರದಲ್ಲಿ ದೊಡ್ಡ ಯಂತ್ರಗಳು ಇದ್ದೇ ಇರುತ್ತವೆ. ನಿಮ್ಮದೇ ಆಗಿರಬೇಕಾದವು ಕೆಲವೇ: 8 ಮಿ.ಮೀ. ಮತ್ತು 20 ಮಿ.ಮೀ. ಉಳಿ, ಸಣ್ಣ ಹಲ್ಲಿನ ಕೈಗರಗಸ, ಚಿಕ್ಕ ಕೀಸುಳಿ, ಮೂಲೆಮಟ್ಟ, ಮರದ ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆಯುವ ಮಾರ್ಕಿಂಗ್ ಗೇಜ್, ಗುರುತು ಹಾಕುವ ಚಾಕು, ಕೊಡತಿ. ಗರಗಸಗಳಲ್ಲಿ ಜಪಾನಿ ಬಗೆಯದು ಎಳೆದಾಗ ಕೊಯ್ಯುತ್ತದೆ, ಪಾಶ್ಚಾತ್ಯ ಬಗೆಯದು ತಳ್ಳಿದಾಗ. ಹೊಸಬರಿಗೆ ಎಳೆಯುವ ಗರಗಸ ಬೇಗ ಒಗ್ಗುತ್ತದೆ, ಅದರ ಅಲಗು ತೆಳು, ಕೊಯ್ದ ಗೆರೆಯೂ ತೆಳು.

ಹೊಸ ಉಳಿ ಅಂಗಡಿಯಿಂದ ಬಂದಾಗ ಕೆಲಸಕ್ಕೆ ಬರುವಷ್ಟು ಹರಿತವಾಗಿರುವುದು ಅಪರೂಪ. ಅದರ ಓರೆ 25 ಡಿಗ್ರಿಯಲ್ಲಿರುತ್ತದೆ. ತುದಿಯನ್ನು ಮಾತ್ರ 30 ಡಿಗ್ರಿಗೆ ಮಸೆದುಕೊಳ್ಳಬೇಕು. ಮೊದಲು ಉಳಿಯ ಚಪ್ಪಟೆ ಬೆನ್ನನ್ನು ಕಲ್ಲಿನ ಮೇಲೆ ಸಪಾಟಾಗಿ ಒತ್ತಿ, ತುದಿಯ ಹತ್ತಿರದ ಭಾಗ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ. ಆಮೇಲೆ ಓರೆಯನ್ನು 1000 ಅಂಕದ ಕಲ್ಲಿನಲ್ಲಿ, ಬೆನ್ನಿನ ಕಡೆ ತೆಳು ಅಂಚು ಬೆರಳಿಗೆ ತಾಗುವವರೆಗೆ ಮಸೆದು, 6000ದ ಕಲ್ಲಿನಲ್ಲಿ ನಯಗೊಳಿಸಿ. ಮೆದು ಪೈನ್ ತುಂಡಿನ ತುದಿಯನ್ನು ಅಡ್ಡಲಾಗಿ ಹೆರೆದಾಗ ಎಳೆಗಳು ಪುಡಿಯಾಗದೆ ಹೊಳೆಯುವ ಮೈ ಬಂದರೆ ಉಳಿ ಸಿದ್ಧ. ಮೊಂಡು ಉಳಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗ ಜಾರುತ್ತದೆ. ಕೈಗೆ ಆಗುವ ಗಾಯಗಳು ಹೆಚ್ಚಾಗಿ ಹರಿತ ಉಳಿಯಿಂದಲ್ಲ, ಮೊಂಡು ಉಳಿಯಿಂದ. ಎಡಗೈ ಯಾವಾಗಲೂ ಅಲಗಿನ ಹಿಂದೆಯೇ ಇರಲಿ.

ಕಣ್ಣಿಗೆ ಕನ್ನಡಕ, ಮೂಗಿಗೆ ಎಫ್‌ಎಫ್‌ಪಿ2 ಅಥವಾ ಎನ್95 ಮುಖಗವಸು ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಿರುಗುವ ಯಂತ್ರದ ಬಳಿ ಕೈಗವಸು, ಇಳಿಬಿದ್ದ ತೋಳು, ಕಟ್ಟದ ಕೂದಲು ಯಾವುದೂ ಸಲ್ಲದು.

ಗುಳಿ ಮತ್ತು ನಾಲಿಗೆ

ಈ ಕುರ್ಚಿಯಲ್ಲಿ ನಿಜವಾಗಿ ಕಲಿಯಬೇಕಾದ ಕೀಲು ಒಂದೇ. ಕಾಲಿನಲ್ಲಿ ಗುಳಿ, ಪಕ್ಕದ ಪಟ್ಟಿಯ ತುದಿಯಲ್ಲಿ ಅದರೊಳಗೆ ಕೂರುವ ನಾಲಿಗೆ. ಕಾರ್ಯಾಗಾರದಲ್ಲಿ ಇವನ್ನು ಮಾರ್ಟಿಸ್, ಟೆನನ್ ಎನ್ನುತ್ತಾರೆ. ಇಡೀ ಕುರ್ಚಿಯಲ್ಲಿ ಇಂಥವು ನಾಲ್ಕು. ಕುರ್ಚಿಯ ಆಯುಷ್ಯ ನಿಂತಿರುವುದು ಈ ನಾಲ್ಕರ ಮೇಲೆ, ಏಕೆಂದರೆ ಕುಳಿತವರು ಹಿಂದಕ್ಕೆ ಒರಗಿದಾಗಲೆಲ್ಲ ಅವರ ಭಾರ ಹಿಂಗಾಲನ್ನು ಸನ್ನೆಕೋಲಿನ ಹಾಗೆ ಮೀಟುತ್ತದೆ, ಆ ಮೀಟು ಬಂದು ಸೇರುವುದು ಈ ಕೀಲಿನಲ್ಲಿ. ಆದ್ದರಿಂದ ಪೈನ್ ತುಂಡುಗಳಲ್ಲಿ ಮೊದಲು ಅಭ್ಯಾಸ ಮಾಡಿ. ನಾಲಿಗೆಯನ್ನು ಕೈಯಿಂದ ಒತ್ತಿದಾಗ ಅರ್ಧಕ್ಕೆ ಹೋಗಿ, ಕೊಡತಿಯ ಮೆಲುಪೆಟ್ಟಿಗೆ ಪೂರ್ತಿ ಕೂರಬೇಕು. ಅಷ್ಟು ಬರುವವರೆಗೆ ಒಳ್ಳೆಯ ಮರ ಮುಟ್ಟಬೇಡಿ.

ಮರವನ್ನು ಅಳತೆಗೆ ತರುವ ಕೆಲಸ ಯಂತ್ರದ್ದು. ಮೈ ಸಪಾಟು ಮಾಡುವ ಯಂತ್ರವಾದ ಜಾಯಿಂಟರಿನಲ್ಲಿ ಒಂದು ಮೈ, ಅದಕ್ಕೆ ನೇರ ಕೋನದಲ್ಲಿ ಒಂದು ಅಂಚು. ಆಮೇಲೆ ದಪ್ಪ ಸಮಗೊಳಿಸುವ ಯಂತ್ರದಲ್ಲಿ ಎದುರು ಮೈ. ಇದನ್ನು ತಂತ್ರಜ್ಞರ ಜೊತೆ ನಿಂತು ಮಾಡಿ. ಎಲ್ಲ ಪಟ್ಟಿಗಳನ್ನೂ ಒಂದೇ ಸರದಿಯಲ್ಲಿ ಒಂದೇ ದಪ್ಪಕ್ಕೆ ತನ್ನಿ. ಮುಂದಿನ ವಾರ ಅದೇ ಅಳತೆಗೆ ಯಂತ್ರವನ್ನು ಮತ್ತೆ ಹೊಂದಿಸಿದರೂ ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ. ಮುಂಗಾಲುಗಳನ್ನು ಮಾತ್ರ ಮೇಲ್ತುದಿಯಲ್ಲಿ 20 ಮಿ.ಮೀ. ಉದ್ದ ಬಿಟ್ಟೇ ಕತ್ತರಿಸಿ. ಗುಳಿ ಕೊರೆಯುವಾಗ ತುದಿ ಸೀಳದಂತೆ ಆ ಹೆಚ್ಚುವರಿ ಮರ ಕಾಯುತ್ತದೆ, ಕೊನೆಗೆ ಕೊಯ್ದು ತೆಗೆಯಬಹುದು.

ಹಿಂಗಾಲಿಗೆ 6 ಮಿ.ಮೀ. ಪ್ಲೈವುಡ್ಡಿನಲ್ಲಿ ಅಚ್ಚು ಮಾಡಿಕೊಳ್ಳಿ. 160 ಮಿ.ಮೀ. ಅಗಲದ ಹಲಗೆಯ ಮೇಲೆ ಒಂದು ಕಾಲಿನ ಬೆನ್ನಿಗೆ ಇನ್ನೊಂದರ ಎದೆ ಬರುವಂತೆ ಅಚ್ಚಿಟ್ಟರೆ ಎರಡೂ ಹಿಡಿಯುತ್ತವೆ. ಬ್ಯಾಂಡ್ ಗರಗಸದಲ್ಲಿ ಗೆರೆಯಿಂದ 1 ಮಿ.ಮೀ. ಹೊರಗೆ ಕೊಯ್ಯಿರಿ. ಪಟ್ಟಿ ಬಂದು ಸೇರುವ ನಡುವಿನ ನೇರ ಭಾಗದ ಮುಂಭಾಗ ಸಪಾಟಾಗಿ, ಪಕ್ಕದ ಮೈಗೆ ನೇರ ಕೋನದಲ್ಲಿರಬೇಕು. ಅದನ್ನು ಕೀಸುಳಿಯಿಂದ ಎಚ್ಚರಿಕೆಯಿಂದ ಮಾಡಿ. ಹಿಂಭಾಗದ ಒಳಬಾಗು ಕಣ್ಣಿಗೆ ಮಾತ್ರ ಕಾಣುವಂಥದ್ದು, ಅದನ್ನು ಅರದಿಂದ ನಯಗೊಳಿಸಿದರೆ ಸಾಕು.

ಗುರುತು ಹಾಕುವಾಗ ಎರಡು ಮುಂಗಾಲುಗಳನ್ನು ಜೋಡಿಸಿ ಹಿಡಿದು ಒಟ್ಟಿಗೇ ಗೆರೆ ಎಳೆಯಿರಿ, ಹಿಂಗಾಲುಗಳನ್ನೂ ಹಾಗೆಯೇ. ಅಳತೆಪಟ್ಟಿಯಿಂದ ನಾಲ್ಕು ಸಲ ಅಳೆದರೆ ನಾಲ್ಕು ಬೇರೆ ಅಳತೆ ಬರುತ್ತವೆ. ಒಂದೇ ಸಲ ಅಳೆದು ಉಳಿದವಕ್ಕೆ ಅದನ್ನೇ ದಾಟಿಸಿದರೆ ಎಲ್ಲವೂ ಒಂದೇ ಆಗಿರುತ್ತವೆ. ಪ್ರತಿ ಕಾಲಿಗೂ ಪೆನ್ಸಿಲಿನಲ್ಲಿ 'ಎಡ ಮುಂದೆ', 'ಬಲ ಹಿಂದೆ' ಎಂದು ಬರೆದು, ಒಳಮೈಗೆ ಗುರುತು ಹಾಕಿ.

ಗುಳಿಯ ಅಗಲ 8 ಮಿ.ಮೀ., ಎತ್ತರ 60, ಆಳ 32. ಕಾಲಿನ ಮುಗಿದ ಮೇಲ್ತುದಿಯಿಂದ 15 ಮಿ.ಮೀ. ಕೆಳಗೆ ಗುಳಿ ಆರಂಭವಾಗಲಿ. ಹಿಂಗಾಲಿನಲ್ಲಿ ಅದೇ ಮಟ್ಟಕ್ಕೆ. ಡ್ರಿಲ್ ಸ್ಟ್ಯಾಂಡಿನಲ್ಲಿ 8 ಮಿ.ಮೀ. ಬಿಟ್ಟಿನಿಂದ ಸಾಲಾಗಿ ತೂತು ಕೊರೆದು, ನಡುವೆ ಉಳಿದ ಮರವನ್ನು ಉಳಿಯಿಂದ ತೆಗೆಯುವುದು ಸುಲಭದ ದಾರಿ. ಗುಳಿಯ ಗೋಡೆಗಳು ನೇರವಾಗಿರಲಿ. ತಳ ಸ್ವಲ್ಪ ಒರಟಾದರೆ ಚಿಂತೆಯಿಲ್ಲ, ಅಂಟು ಹಿಡಿಯುವುದು ಗೋಡೆಗೆ, ತಳಕ್ಕಲ್ಲ.

ನಾಲಿಗೆಯನ್ನು ಗುಳಿ ಮುಗಿದ ಮೇಲೆಯೇ ಮಾಡಿ. ಗುಳಿ ದೊಡ್ಡದಾದರೆ ಅದಕ್ಕೆ ತಕ್ಕಂತೆ ನಾಲಿಗೆ ದಪ್ಪ ಮಾಡಬಹುದು, ತಿರುಗಾಮುರುಗಾ ಆದರೆ ದಾರಿಯಿಲ್ಲ. ಪಟ್ಟಿಯ ಎರಡೂ ತುದಿಯಿಂದ 30 ಮಿ.ಮೀ. ಒಳಗೆ, ಸುತ್ತಲೂ ಮೂಲೆಮಟ್ಟ ಹಿಡಿದು ಚಾಕುವಿನಿಂದ ಗೆರೆ ಎಳೆಯಿರಿ. ನಡುವಿನ ಅಂತರ ಎರಡೂ ಪಟ್ಟಿಗಳಲ್ಲಿ ಸರಿಯಾಗಿ 350 ಇರಬೇಕು. ಇಡೀ ಕುರ್ಚಿಯಲ್ಲಿ ತಪ್ಪಲೇಬಾರದ ಅಳತೆ ಇದೊಂದು. ಈ ಗೆರೆಯಲ್ಲಿ ಏಳುವ ಅಂಚೇ ಕಾಲಿನ ಮೈಗೆ ಒತ್ತಿ ನಿಲ್ಲುವ ಭುಜ. ಮಾರ್ಕಿಂಗ್ ಗೇಜಿನಿಂದ ನಡುವಿನ 8 ಮಿ.ಮೀ. ಗುರುತಿಸಿ, ಗೆರೆಯ ಹೊರಗೆ ಗರಗಸ ಹಿಡಿದು ಕೆನ್ನೆಗಳನ್ನು (ನಾಲಿಗೆಯ ಎರಡು ಅಗಲ ಮೈಗಳನ್ನು) ಕೊಯ್ಯಿರಿ, ಆಮೇಲೆ ಭುಜಗಳನ್ನು. ನಾಲಿಗೆಯನ್ನು ಮೇಲಿನಿಂದ 15, ಕೆಳಗಿನಿಂದ 5 ಮಿ.ಮೀ. ಕಡಿದರೆ 60 ಉಳಿಯುತ್ತದೆ. ಬಿಗಿಯಾದರೆ ಅಗಲ ಉಳಿಯಿಂದ ತೆಳುವಾಗಿ ಹೆರೆಯಿರಿ. ಮರಳು ಕಾಗದ ಹಿಡಿಯಬೇಡಿ, ಅದು ಅಂಚುಗಳನ್ನು ಗುಂಡಗಾಗಿಸಿ ನಾಲಿಗೆಯನ್ನು ಸಡಿಲ ಮಾಡುತ್ತದೆ.

ಅಂಟು

ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ. ಎರಡು ಚೌಕಟ್ಟುಗಳನ್ನು ಒಂದರ ಮೇಲೊಂದು ಮಲಗಿಸಿದಾಗ ಕಾಲುಗಳು ಸರಿಯಾಗಿ ಹೊಂದಬೇಕು. ಮುಂಗಾಲು ಪಟ್ಟಿಗೆ ನೇರ ಕೋನದಲ್ಲಿದೆಯೇ ಎಂದು ಮೂಲೆಮಟ್ಟದಿಂದ ನೋಡಿ. ಇಲ್ಲದಿದ್ದರೆ ಭುಜವನ್ನು ಉಳಿಯಿಂದ ಸರಿಪಡಿಸಿ.

ಮರಕ್ಕೆ ಬಳಸುವ ಸಾಮಾನ್ಯ ಪಿವಿಎ ಅಂಟು ಸಾಕು. ಹಚ್ಚಿದ ಮೇಲೆ ಸುಮಾರು ಹತ್ತು ನಿಮಿಷದೊಳಗೆ ಕೀಲು ಕೂರಿಸಿ ಕ್ಲ್ಯಾಂಪ್ ಬಿಗಿಯಬೇಕು, ಹಾಗಾಗಿ ಕ್ಲ್ಯಾಂಪುಗಳನ್ನು ಮೊದಲೇ ಅಳತೆಗೆ ತೆರೆದಿಟ್ಟುಕೊಳ್ಳಿ. ಗುಳಿಯ ಗೋಡೆಗೂ ನಾಲಿಗೆಯ ಕೆನ್ನೆಗೂ ತೆಳುವಾಗಿ ಹಚ್ಚಿ. ಕ್ಲ್ಯಾಂಪ್ ಅತಿಯಾಗಿ ಬಿಗಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಭುಜದ ಬಳಿ ಸಣ್ಣ ಅಂಟಿನ ಹನಿಗಳು ಸಾಲಾಗಿ ಮೂಡಿದರೆ ನಿಲ್ಲಿಸಿ. ಬಿಗಿದ ಚೌಕಟ್ಟನ್ನು ಸಪಾಟು ಮೇಜಿನ ಮೇಲಿಟ್ಟು ಅಲುಗುತ್ತದೆಯೇ ನೋಡಿ. ಒಂದು ಗಂಟೆಗೆ ಕ್ಲ್ಯಾಂಪ್ ತೆಗೆಯಬಹುದು, ಪೂರ್ತಿ ಬಲ ಬರಲು ಒಂದು ದಿನ ಬೇಕು. ಚಳಿಗಾಲದ ಕಾರ್ಯಾಗಾರದಲ್ಲಿ ಒಂದು ಎಚ್ಚರ: ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಈ ಅಂಟು ಸರಿಯಾಗಿ ಕೂಡದೆ ಸುಣ್ಣದಂತೆ ಬೆಳ್ಳಗೆ ಪುಡಿಯಾಗಬಹುದು. ಬೀರುವಿನಲ್ಲಿ ಹೆಪ್ಪುಗಟ್ಟಿ ಕರಗಿದ ಡಬ್ಬಿಯ ಅಂಟನ್ನು ಬಳಸಬೇಡಿ.

ಬೋಲ್ಟಿನ ಕೀಲು

ಅಡ್ಡಪಟ್ಟಿಯ ತುದಿ ಕಾಲಿನ ಒಳಮೈಗೆ ನೇರವಾಗಿ ತಾಗಿ ನಿಲ್ಲುತ್ತದೆ. ಹೊರಗಿನಿಂದ ಕಾಲನ್ನು ಹಾದುಬಂದ ಬೋಲ್ಟು ಪಟ್ಟಿಯೊಳಗಿನ ಉರುಳೆ ನಟ್ಟಿಗೆ ಸೇರಿ ಎರಡನ್ನೂ ಎಳೆದು ಬಿಗಿಯುತ್ತದೆ. ಬೋಲ್ಟಿನ ಮೇಲೊಂದು ಕೆಳಗೊಂದು ಇರುವ ಗೂಟಗಳು ಪಟ್ಟಿ ತಿರುಗದಂತೆ ತಡೆಯುತ್ತವೆ. ಬೋಲ್ಟು ಎಳೆಯುತ್ತದೆ, ಗೂಟ ಹಿಡಿದಿಡುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟರೂ ಕುರ್ಚಿ ಅಲ್ಲಾಡುತ್ತದೆ.

ಇಂಥ ಕೀಲು ಎಂಟು ಇರುವುದರಿಂದ ಒಂದೊಂದನ್ನೂ ಅಳೆದು ಕೊರೆಯುವುದು ಬೇಡ. ಗಟ್ಟಿ ಮರದ ತುಂಡೊಂದರಲ್ಲಿ ಡ್ರಿಲ್ ಸ್ಟ್ಯಾಂಡಿನಿಂದ ಮೂರು ನೇರ ತೂತುಗಳ ಅಚ್ಚು ಮಾಡಿ: ನಡುವೆ 6.5 ಮಿ.ಮೀ., ಅದರಿಂದ 20 ಮಿ.ಮೀ. ಮೇಲೆ ಮತ್ತು ಕೆಳಗೆ 8 ಮಿ.ಮೀ. ಅಚ್ಚಿನ ಒಂದು ಮೈಗೆ 'ಮುಂದೆ', ಒಂದು ತುದಿಗೆ 'ಮೇಲೆ' ಎಂದು ಬರೆದು, ಕಾಲಿಗೂ ಪಟ್ಟಿಗೂ ಹಿಡಿಯುವಾಗ ಆ ಗುರುತು ಕುರ್ಚಿಯ ಮುಂಭಾಗಕ್ಕೆ, ಮೇಲ್ಭಾಗಕ್ಕೇ ಬರುವಂತೆ ನೋಡಿಕೊಳ್ಳಿ. ಆಗ ತೂತುಗಳು ನಟ್ಟನಡುವೆ ಇಲ್ಲದಿದ್ದರೂ ಒಂದಕ್ಕೊಂದು ಹೊಂದುತ್ತವೆ. ಕಾಲಿನಲ್ಲಿ ಗೂಟದ ತೂತು 12 ಮಿ.ಮೀ. ಆಳ, ಪಟ್ಟಿಯ ತುದಿಯಲ್ಲಿ 27. ಗೂಟ 37 ಉದ್ದ. ಬೋಲ್ಟಿನ ತೂತು ಕಾಲನ್ನು ಪೂರ್ತಿ ಹಾಯಲಿ, ಪಟ್ಟಿಯೊಳಗೆ 50 ಮಿ.ಮೀ. ಹೋಗಲಿ. ಪಟ್ಟಿಯ ತುದಿಯಿಂದ 38 ಮಿ.ಮೀ. ದೂರದಲ್ಲಿ, ಒಳಮೈಯಿಂದ 10 ಮಿ.ಮೀ. ತೂತು ಕೊರೆದು ಉರುಳೆ ನಟ್ಟು ಕೂರಿಸಿ. ಗೂಟಗಳಿಗೆ ಪಟ್ಟಿಯ ಕಡೆ ಮಾತ್ರ ಅಂಟು. ಕಾಲಿನ ಕಡೆ ಒಣಗಿಯೇ ಇರಲಿ, ಇಲ್ಲದಿದ್ದರೆ ಕುರ್ಚಿ ಬಿಚ್ಚುವುದಿಲ್ಲ.

ಮುಂದಿನ ಮತ್ತು ಹಿಂದಿನ ಅಡ್ಡಪಟ್ಟಿಗಳ ಬೋಲ್ಟು ಕಾಲಿನೊಳಗಿನ ನಾಲಿಗೆಯ ಮೂಲಕವೇ ಹಾಯುತ್ತದೆ. ಗಾಬರಿ ಬೇಡ. ಅಂಟು ಪೂರ್ತಿ ಒಣಗಿದ ಮೇಲೆ ಕೊರೆದರೆ ಬೋಲ್ಟೇ ನಾಲಿಗೆಗೆ ಬೀಗವಾಗಿ ನಿಲ್ಲುತ್ತದೆ. ಬೆನ್ನಿನ ಪಟ್ಟಿಗಳಲ್ಲಿ ಕೆಳಗಿನದರ ಕೆಳ ಅಂಚು ಆಸನದಿಂದ 160 ಮಿ.ಮೀ. ಮೇಲಿರಲಿ, ಮೇಲಿನದರದ್ದು 290. ಸೊಂಟದ ಬಾಗು ಕೆಳಗಿನ ಪಟ್ಟಿಗೆ ತಾಗುತ್ತದೆ, ದೀರ್ಘ ಓದಿಗೆ ಬೇಕಾದ ಆಸರೆ ಅದೇ.

ಆಸನಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಪಕ್ಕದ ಪಟ್ಟಿಗಳ ಒಳಮೈಗೆ, ಮೇಲಂಚಿಗೆ ಸಮವಾಗಿ, ರೀಪುಗಳನ್ನು ಅಂಟಿಸಿ. ಐದು ಪಟ್ಟಿಗಳನ್ನು 5 ಮಿ.ಮೀ. ಸಂದು ಬಿಟ್ಟು ಸಾಲಾಗಿಟ್ಟು, ಮುಂದೆ 10 ಮಿ.ಮೀ. ಚಾಚು ಬಿಟ್ಟು, ಕೆಳಗಿನಿಂದ ರೀಪಿನ ಮೂಲಕ ಸ್ಕ್ರೂ ಹಾಕಿ. ರೀಪಿನಲ್ಲಿ ತೂತು 5 ಮಿ.ಮೀ. ವ್ಯಾಸದ್ದಾಗಿ ಸಡಿಲವಾಗಿರಲಿ, ಪಟ್ಟಿಯಲ್ಲಿ 3. ಮರ ಹಿಗ್ಗಿದಾಗ ಸ್ಕ್ರೂ ಜರುಗಲು ಅಷ್ಟು ಜಾಗ ಬೇಕು. ಮುಂದಿನ ಪಟ್ಟಿಯ ಅಂಚನ್ನು ಕೀಸುಳಿಯಿಂದ ಚೆನ್ನಾಗಿ ಗುಂಡಗೆ ಮಾಡಿ.

ಕಾಲು ಕತ್ತರಿಸುವುದು, ಎಣ್ಣೆ ಹಚ್ಚುವುದು

ಇಲ್ಲಿಯವರೆಗೆ ಆಸನ ನೆಲಕ್ಕೆ ಸಮಾನಾಂತರವಾಗಿದೆ. ಓರೆ ಕೋನದ ಕೀಲುಗಳನ್ನು ತಪ್ಪಿಸಲೆಂದೇ ಎಲ್ಲವನ್ನೂ ನೇರವಾಗಿ ಕಟ್ಟಿದ್ದು. ಈಗ ಹಿಂಗಾಲುಗಳ ಪಾದವನ್ನು 20 ಮಿ.ಮೀ. ಕತ್ತರಿಸಿದರೆ ಕುರ್ಚಿ ಹಿಂದಕ್ಕೆ ಸುಮಾರು 3 ಡಿಗ್ರಿ ವಾಲುತ್ತದೆ. ಕುಳಿತವರು ಮುಂದಕ್ಕೆ ಜಾರುವುದಿಲ್ಲ. ಕುರ್ಚಿಯನ್ನು ಜೋಡಿಸಿ ಸಪಾಟು ಮೇಜಿನ ಮೇಲೆ ನಿಲ್ಲಿಸಿ. ಮುಂಗಾಲುಗಳ ಕೆಳಗೆ 20 ಮಿ.ಮೀ. ಹಲಗೆ ಇಟ್ಟು, ಅಲುಗದಂತೆ ಬೇಕಾದ ಕಡೆ ತೆಳು ಬೆಣೆ ಸೇರಿಸಿ. 25 ಮಿ.ಮೀ. ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲನ್ನು ಚಪ್ಪಟೆಯಾಗಿ ಹಿಡಿದು, ಮೇಜಿನ ಮೇಲೆ ಜಾರಿಸುತ್ತ ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆಯಿರಿ. ಆ ಗೆರೆಗೆ ಕೊಯ್ದರೆ ನಾಲ್ಕೂ ಪಾದ ಒಂದೇ ಸಮತಲಕ್ಕೆ ಬರುತ್ತವೆ. ಮುಂಗಾಲಿನಿಂದ ಈ ವಿಧಾನದಲ್ಲಿ ಸುಮಾರು 5 ಮಿ.ಮೀ. ಹೋಗುತ್ತದೆ, ಹಿಂಗಾಲಿನಿಂದ 25. ಮರ ಕತ್ತರಿಸುವಾಗಲೇ ಎಲ್ಲ ಕಾಲುಗಳ ಕೆಳತುದಿಗೆ 5 ಮಿ.ಮೀ. ಹೆಚ್ಚು ಬಿಟ್ಟಿದ್ದರೆ ಎತ್ತರ ಲೆಕ್ಕಕ್ಕೆ ಸರಿಯಾಗುತ್ತದೆ. ಪಾದದ ಅಂಚುಗಳನ್ನು ಸ್ವಲ್ಪ ಓರೆ ಮಾಡಿ, ಎಳೆದಾಡಿದಾಗ ಸಿಬಿರೇಳದಿರಲಿ.

ಬಿಚ್ಚಿ, 120, 180, 240 ಅಂಕದ ಮರಳು ಕಾಗದದಿಂದ ಎಳೆಯ ಗುಂಟ ಉಜ್ಜಿ. ಬೇಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ಧಾರಾಳವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ. ಒಂದೊಂದು ದಿನ ಬಿಟ್ಟು ಇನ್ನೆರಡು ಸಲ. ಈ ಕೆಲಸದ ನಿಜವಾದ ಅಪಾಯ ಎಣ್ಣೆಯ ಬಟ್ಟೆಯಲ್ಲಿದೆ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಶಾಖ ಬಿಡುತ್ತದೆ. ಮುದ್ದೆ ಮಾಡಿ ಎಸೆದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಬಿಡಿಸಿ ಒಣಗಿಸಿ, ಅಥವಾ ನೀರಲ್ಲಿ ನೆನೆಸಿ ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ. ವಿದ್ಯಾರ್ಥಿನಿಲಯದ ಕಸದ ಬುಟ್ಟಿಗೆ ಎಂದಿಗೂ ಬೇಡ.

ಹೊರಡುವಾಗ

ಕುರ್ಚಿ ಚೆನ್ನಾಗಿ ಬಂದರೆ ಮಾಡಿಕೊಡಿ ಎನ್ನುವವರು ಸಿಗುತ್ತಾರೆ. ಹಣ ಪಡೆಯುವ ಮುನ್ನ ವೀಸಾ ನಿಯಮ ನೋಡಿ. ಉದಾಹರಣೆಗೆ ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿಲ್ಲ.

ಆಶ್ ಅಥವಾ ಬೀಚ್ ಮರದ ಈ ಕುರ್ಚಿ ಸುಮಾರು 8 ಕೆ.ಜಿ. ತೂಗುತ್ತದೆ. ಎರಡು ಚೌಕಟ್ಟುಗಳನ್ನು ಒಂದರ ಮೇಲೊಂದಿಟ್ಟು ಅದರ ಮೇಲೆ ಪಟ್ಟಿಗಳನ್ನೆಲ್ಲ ಒಂದು ಪದರವಾಗಿ ಹರಡಿದರೆ, ರಟ್ಟು ಸುತ್ತಿದ ಮೇಲೂ ಉದ್ದ, ಅಗಲ, ಎತ್ತರ ಕೂಡಿದ ಅಳತೆ 150 ಸೆಂ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಹಲವು ವಿಮಾನ ಸಂಸ್ಥೆಗಳು ಒಂದು ಸಾಮಾನಿಗೆ ಇಟ್ಟಿರುವ ಮಿತಿ 158 ಸೆಂ.ಮೀ., 23 ಕೆ.ಜಿ. ಉಳಿ, ಗರಗಸಗಳನ್ನೂ ಇದೇ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿ ಬಿಡುವುದಿಲ್ಲ. ತೊಗಟೆ ಅಂಟಿಕೊಂಡಿರುವ ಅಥವಾ ಹುಳು ತಿಂದ ಮರವನ್ನು ಹಲವು ದೇಶಗಳು ಒಳಗೆ ಬಿಡುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಮರದ ವಸ್ತು ಇದೆಯೆಂದು ಘೋಷಿಸಬೇಕು. ಬೀಟೆಯ ಜಾತಿಯ ಮರಗಳಿಗೆ 2017ರಿಂದ ಅಂತರರಾಷ್ಟ್ರೀಯ ಪರವಾನಗಿ ನಿಯಮಗಳಿವೆ, ಆ ಮರವನ್ನು ಆರಂಭದಲ್ಲೇ ದೂರವಿಡಿ.

ಎಂಟು ಬೋಲ್ಟು, ನಟ್ಟು, ಸ್ಕ್ರೂಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಬೋಲ್ಟು ತಿರುಗಿಸುವ ಅಲೆನ್ ಕೀ ಜೊತೆಗೆ, ಒಂದು ಚೌಕಟ್ಟಿಗೇ ಬಿಗಿಯಿರಿ. ಮತ್ತೆ ಜೋಡಿಸುವಾಗ ಎಂಟೂ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಕುರ್ಚಿಯನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ, ಒಬ್ಬರನ್ನು ಕೂರಿಸಿ, ಆಮೇಲೆ ಒಂದೊಂದನ್ನೇ ಬಿಗಿಯುತ್ತ ಬನ್ನಿ. ಹೊಸ ಊರಿನ ಹವೆಗೆ ಮರ ಹೊಂದಿಕೊಳ್ಳಲು ಕೆಲವು ತಿಂಗಳು ಹಿಡಿಯುತ್ತದೆ. ಆ ಬಳಿಕ ಇನ್ನೊಮ್ಮೆ ಬಿಗಿಯಿರಿ.